ಡಾ. ವಾಸುದೇವ ಆತ್ರೆ: ಸೋನಾರ್ ಪ್ರಯೋಗಾಲಯದಿಂದ ರಕ್ಷಣಾ ಸಚಿವರ ಸಲಹೆಗಾರರ ಹುದ್ದೆಗೆ

ಚಳ್ಳಕೆರೆ ತಾಲೂಕಿನ ದೊಡ್ಡಉಳ್ಳಾರ್ತಿಯ ಸುತ್ತಮುತ್ತ ಡಿಆರ್‌ಡಿಒ ಎಂಬ ಹೆಸರು ಈಗ ಎಲ್ಲರಿಗೂ ಪರಿಚಿತ. ಈ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕೇಂದ್ರ ಅದೇ ತಾಲೂಕಿನಲ್ಲಿದೆ. ಒಂದು ಕಾಲಕ್ಕೆ ಇಡೀ ಸಂಸ್ಥೆಯ ಹೊಣೆ ಹೊತ್ತಿದ್ದವರು ಕನ್ನಡನಾಡಿನ ಎಂಜಿನಿಯರ್ ಡಾ. ವಾಸುದೇವ ಕಲ್ಕುಂಟೆ ಆತ್ರೆ.

1939ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆತ್ರೆಯವರು ಅಲ್ಲಿಯೇ ಎಂಜಿನಿಯರಿಂಗ್ ಪದವಿಯನ್ನು (1961), ಭಾರತೀಯ ವಿಜ್ಞಾನ ಸಂಸ್ಥೆಯಿಂದ ಸ್ನಾತಕೋತ್ತರ ಪದವಿಯನ್ನು (1963) ಪಡೆದರು. 1967ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಬಂತು. ಮುಂದೆ ಹ್ಯಾಲಿಫ್ಯಾಕ್ಸ್‌ನಲ್ಲಿ ಪ್ರಾಧ್ಯಾಪಕರಾದರು. ಭದ್ರವಾದ ಆ ಕೆಲಸವನ್ನು ಬಿಟ್ಟು 1980ರಲ್ಲಿ ಅವರು ಸೇರಿದ್ದು ಕೊಚ್ಚಿಯಲ್ಲಿರುವ ಡಿಆರ್‌ಡಿಒದ ನೌಕಾ ಪ್ರಯೋಗಾಲಯವನ್ನು.

ಅಲ್ಲಿನ ಮುಖ್ಯ ಕೆಲಸ ಸೋನಾರ್. ನೀರಿನೊಳಗೆ ರೇಡಾರ್ ನಡೆಯದು. ರೇಡಿಯೋ ಅಲೆಗಳು ಬೇಗನೆ ಅಡಗಿಹೋಗುತ್ತವೆ. ಶಬ್ದ ಮಾತ್ರ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಬಹುದೂರ ಹೋಗುತ್ತದೆ. ನಮ್ಮ ಕರಾವಳಿಯ ಬೋಟುಗಳಲ್ಲಿ ಮೀನಿನ ಗುಂಪನ್ನು ತೋರಿಸುವ ಯಂತ್ರದ ತತ್ತ್ವವೂ ಇದೇ. ಆದರೆ ಸಮುದ್ರದ ಮೇಲ್ಪದರ ಬಿಸಿ, ಕೆಳಪದರ ತಂಪು. ಹೀಗಾಗಿ ಶಬ್ದ ಬಾಗುತ್ತದೆ, ಆ ಮರೆಯಲ್ಲಿ ಜಲಾಂತರ್ಗಾಮಿ ಅಡಗಿಕೊಳ್ಳುತ್ತದೆ. ಪರದೇಶದ ಯಂತ್ರವನ್ನು ತಂದಿಟ್ಟ ಮಾತ್ರಕ್ಕೆ ನಮ್ಮ ಕಡಲು ಅರ್ಥವಾಗದು. 1984ರಲ್ಲಿ ಆತ್ರೆಯವರು ಈ ಪ್ರಯೋಗಾಲಯದ ನಿರ್ದೇಶಕರಾದರು. ಜಲಾಂತರ್ಗಾಮಿಗಳಿಗಾಗಿ 'ಪಂಚೇಂದ್ರಿಯ' ಎಂಬ ಸೋನಾರ್ ರೂಪುಗೊಂಡದ್ದು ಇಲ್ಲಿಯೇ. ಪ್ರಯೋಗಾಲಯದ ಸೋನಾರ್‌ಗಳನ್ನು ತಯಾರಿಸುವ ಕೆಲಸ ಭಾರತ್ ಎಲೆಕ್ಟ್ರಾನಿಕ್ಸ್‌ನದು.

1991ರಲ್ಲಿ ಅವರು ದೆಹಲಿಯ ಮುಖ್ಯ ಕಚೇರಿಗೆ ಹೋದರು. ಡಾ. ಅಬ್ದುಲ್ ಕಲಾಂ ಅವರ ನಂತರ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿ, ರಕ್ಷಣಾ ಸಂಶೋಧನಾ ಇಲಾಖೆಯ ಕಾರ್ಯದರ್ಶಿಯಾಗಿ 2004ರ ತನಕ ದುಡಿದರು. ಆ ಅವಧಿಯ ಬಹುಪಾಲು ಸಚಿವರಾಗಿದ್ದವರು ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫೆರ್ನಾಂಡಿಸ್. ಒಂದು ಯಂತ್ರವನ್ನು ಸರಿಪಡಿಸುವ ಎಂಜಿನಿಯರ್ ಈಗ ಹತ್ತಾರು ಪ್ರಯೋಗಾಲಯಗಳ ಹಣ, ವಿಳಂಬ, ಸೇನೆಯ ಅಸಮಾಧಾನ ಎಲ್ಲಕ್ಕೂ ಉತ್ತರ ಕೊಡಬೇಕು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ತೇಜಸ್ ಮೊದಲ ಬಾರಿ ಹಾರಿತು. ಜೂನ್ 12ರಂದು ಬ್ರಹ್ಮೋಸ್‌ನ ಪ್ರಥಮ ಪರೀಕ್ಷೆ ನಡೆಯಿತು. ತೇಜಸ್‌ನ ಶ್ರೇಯಸ್ಸನ್ನು ಅವರೊಬ್ಬರಿಗೇ ಕೊಡುವುದು ನ್ಯಾಯವಲ್ಲ. ಆ ಯೋಜನೆ 1983ರಿಂದಲೇ ನಡೆದಿತ್ತು, ವಿನ್ಯಾಸದ ನೇತೃತ್ವ ಡಾ. ಕೋಟ ಹರಿನಾರಾಯಣ ಅವರದು.

ನಿವೃತ್ತಿಯ ಬಳಿಕವೂ ಆತ್ರೆಯವರು ಸ್ಮಾರ್ಟ್ ವಸ್ತುಗಳ ಸಂಶೋಧನೆಗೆ ಮಾರ್ಗದರ್ಶನ ನೀಡಿದರು. 2016ರಲ್ಲಿ ಪದ್ಮವಿಭೂಷಣ ದೊರೆಯಿತು.

ಚಳ್ಳಕೆರೆಯ ಜಾಗ ಸಂಸ್ಥೆಯ ಪಾಲಾದದ್ದು ಅವರ ಅಧಿಕಾರಾವಧಿ ಮುಗಿದ ಮೇಲೆ. ವರವು ಕಾವಲಿನಲ್ಲಿ 4,290 ಎಕರೆ ಡಿಆರ್‌ಡಿಒಗೆ, ಉಳ್ಳಾರ್ತಿ ಕಾವಲಿನಲ್ಲಿ 1,810 ಎಕರೆ ಭಾಭಾ ಅಣುಸಂಶೋಧನಾ ಕೇಂದ್ರಕ್ಕೆ ಹೋಯಿತು. ಇವು ಅಮೃತಮಹಲ್ ದನಗಳು ಮತ್ತು ಊರ ಕುರಿಗಳು ಮೇಯುತ್ತಿದ್ದ ಹುಲ್ಲುಗಾವಲು. ಈ ಹಂಚಿಕೆಯ ವಿರುದ್ಧದ ದೂರು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ಪರೀಕ್ಷಾ ಕೇಂದ್ರದ ಉದ್ಘಾಟನೆ 2017ರ ಮೇ 28ರಂದು ನೆರವೇರಿತು.