ಬಿಷಪ್ ಸ್ವಾಮಿ ಬರುವ ತನಕ

ನಮ್ಮಜ್ಜಿಗೆ ದೃಢೀಕರಣ ಸಂಸ್ಕಾರ ಆದದ್ದು ಹಾಸನದ ಬಳಿಯ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯದಲ್ಲಿ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು ಅದು. ಈಗ ಅದು ಹೇಮಾವತಿಯ ಹಿನ್ನೀರಿನ ಪಾಲು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬರಿಯ ಗೋಡೆ, ಕಮಾನು. ಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನನಗೆ ಮಾತ್ರ ಆ ಕಮಾನುಗಳ ಕೆಳಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಸಿಕೊಂಡು ಸಾಲಾಗಿ ನಿಂತ ಮಕ್ಕಳೇ ಕಾಣುತ್ತಾರೆ.

‘ಬಿಷಪ್ ಸ್ವಾಮಿ ಬತ್ತಾರೆ ಅಂತ ಎರಡು ವರ್ಷ ಕಾದಿದ್ವಿ’ ಎಂದು ಅಜ್ಜಿ ಹೇಳುತ್ತಿದ್ದರು. ಆ ಎರಡು ವರ್ಷವೂ ಊರಿನ ಉಪದೇಶಿ ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿಕೊಂಡು, ತಾವೇ ಪ್ರಶ್ನೆ ಕೇಳಿ ಉತ್ತರ ಬಾಯಿಪಾಠ ಮಾಡಿಸುತ್ತಿದ್ದರಂತೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಜ್ಞಾನ, ವಿವೇಕ, ಸದಾಲೋಚನೆ, ಧೈರ್ಯ, ತಿಳಿವಳಿಕೆ, ಭಕ್ತಿ, ದೈವಭೀತಿ ಎಂಬ ಪವಿತ್ರಾತ್ಮರ ಏಳು ವರಗಳನ್ನು ಕಡೆಯ ಹಾಸಿಗೆಯಲ್ಲೂ ಒಂದು ತಪ್ಪದೆ ಹೇಳಿದರು.

30 ವರ್ಷ ಭಾನುವಾರದ ಜ್ಞಾನೋಪದೇಶ ಕಲಿಸಿದ ಮೇಲೆ ನನಗೆ ಆ ಕಾಯುವಿಕೆಯ ಅರ್ಥ ತಿಳಿಯಿತು. ಈ ಸಂಸ್ಕಾರಕ್ಕೆ ಮಕ್ಕಳನ್ನು ಅಣಿಗೊಳಿಸುವ ಪದ್ಧತಿ ಬೆಳೆದದ್ದೇ ಬಿಷಪ್ಪರು ದೂರವಿದ್ದದ್ದರಿಂದ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಪೇತ್ರ, ಯೊವಾನ್ನರು ಜೆರುಸಲೇಮಿನಿಂದ ಸಮಾರಿಯಕ್ಕೆ ಹೋಗಿ, ಜ್ಞಾನಸ್ನಾನ ಪಡೆದಿದ್ದವರ ಮೇಲೆ ಕೈಯಿಡುವ ಪ್ರಸಂಗವಿದೆ. ಮೊದಲ ಶತಮಾನಗಳಲ್ಲಿ ಜ್ಞಾನಸ್ನಾನ, ದೃಢೀಕರಣದ ತೈಲಲೇಪನ, ಪರಮಪ್ರಸಾದ ಮೂರೂ ಒಂದೇ ಆಚರಣೆಯಲ್ಲಿ ನಡೆಯುತ್ತಿದ್ದವು. ಸಭೆ ಹಳ್ಳಿಹಳ್ಳಿಗೆ ಹಬ್ಬಿದಾಗ ಬಿಷಪ್ಪರು ಎಲ್ಲ ಕಡೆಗೂ ಹೋಗಲಾಗಲಿಲ್ಲ. ಪೂರ್ವದ ಸಭೆಗಳು ಗುರುವಿಗೇ ತೈಲ ಹಚ್ಚುವ ಅಧಿಕಾರ ಕೊಟ್ಟವು. ಅಲ್ಲಿ ಇಂದಿಗೂ ಎಳೆಗೂಸು ಒಂದೇ ದಿನ ಜ್ಞಾನಸ್ನಾನ, ತೈಲಲೇಪನ ಎರಡನ್ನೂ ಪಡೆಯುತ್ತದೆ. ರೋಮಿನ ಸಭೆ ತೈಲಲೇಪನವನ್ನು ಬಿಷಪ್ಪರಿಗೇ ಉಳಿಸಿಕೊಂಡಿತು. ಹಾಗಾಗಿ ಅವರು ಬರುವ ಹೊತ್ತಿಗೆ ಮಗು ಮಾತು ಕಲಿತು, ಪ್ರಶ್ನೆ ಕೇಳುವಷ್ಟು ದೊಡ್ಡದಾಗಿರುತ್ತಿತ್ತು. ಕೇಳಿದ ಮೇಲೆ ಹೇಳಿಕೊಡಲೇಬೇಕಲ್ಲ! ಟ್ರೆಂಟ್ ಮಹಾಸಭೆಯ ನಂತರ 1566ರಲ್ಲಿ ಬಂದ ಧರ್ಮೋಪದೇಶ ಗ್ರಂಥ, ಬುದ್ಧಿ ತಿಳಿಯುವ ಮುಂಚೆ ಈ ಸಂಸ್ಕಾರ ಕೊಡುವುದು ತರವಲ್ಲ, ಏಳರಿಂದ ಹನ್ನೆರಡರ ನಡುವೆ ಕೊಡಬೇಕು ಎಂದಿತು.

ನಮ್ಮ ಸೀಮೆಯಲ್ಲಿ ಈ ದೂರ ಇನ್ನೂ ದೊಡ್ಡದಾಗಿತ್ತು. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರು ಕನ್ನಡದಲ್ಲೇ ಧರ್ಮೋಪದೇಶ ಬರೆದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಗೆ ಬಂದ ಅಬ್ಬೆ ದ್ಯುಬುವಾ ಅವರು ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಿದರು. 1850ರಲ್ಲಿ ಮೈಸೂರು ಪ್ರತ್ಯೇಕ ಮಿಷನ್ ಪ್ರಾಂತವಾಗಿ (ವಿಕಾರಿಯೇಟ್), ಬಿಷಪ್ ಶಾರ್ಬೊನೊ ಅವರು ಅದರ ಮೊದಲ ಮುಖ್ಯಸ್ಥರಾದರು. ಆದರೂ ಅವರ ವಾಸ ಬೆಂಗಳೂರಿನಲ್ಲಿ. 1940ರಲ್ಲಿ ಬೆಂಗಳೂರು ಬೇರೆಯಾದ ಮೇಲೆ ಹಾಸನದವರಿಗೆ ಬಿಷಪ್ಪರು ಮೈಸೂರಿನಷ್ಟು ಹತ್ತಿರವಾದರು, 1963ರಲ್ಲಿ ಚಿಕ್ಕಮಗಳೂರಿನಷ್ಟು. ನೂರು ವರ್ಷ ದಾಟಿದ ಈ ಅವಧಿಯುದ್ದಕ್ಕೂ ನಡುವಿನ ದಾರಿಯನ್ನು ಸವೆಸಿದವರು ಊರೂರಿನ ಉಪದೇಶಿಗಳು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ ಎಂಬ ನೋವು ನನಗಿದೆ.

ನನ್ನ ಸರದಿ ಬಂದದ್ದು 1974ರಲ್ಲಿ. ಅಜ್ಜಿ ಮೊದಲು ಕೇಳಿದ್ದು ಕೆನ್ನೆಯ ಏಟಿನ ಬಗ್ಗೆ. ಅವರ ಕಾಲದಲ್ಲಿ ಹಣೆಗೆ ತೈಲ ಹಚ್ಚಿದ ಮೇಲೆ ಬಿಷಪ್ಪರು ಲ್ಯಾಟಿನಿನಲ್ಲಿ ‘ನಿನಗೆ ಶಾಂತಿ’ ಎಂದು ಕೆನ್ನೆಗೆ ಮೆಲ್ಲನೆ ತಟ್ಟುತ್ತಿದ್ದರು. ಕ್ರಿಸ್ತನಿಗಾಗಿ ಕಷ್ಟ ಸಹಿಸಲು ಸಿದ್ಧನಾಗಿರು ಎಂದು ಅದರ ಅರ್ಥ. 1971ರಲ್ಲಿ ಆರನೇ ಪೌಲ್ ಜಗದ್ಗುರುಗಳು ವಿಧಿಯನ್ನು ಹೊಸದಾಗಿ ರೂಪಿಸಿದಾಗ ಅದು ಹೋಯಿತು. ಮಕ್ಕಳು ಜ್ಞಾನಸ್ನಾನದ ವಾಗ್ದಾನಗಳನ್ನು ತಮ್ಮ ಬಾಯಲ್ಲೇ ಮತ್ತೆ ಹೇಳುವುದು ಬಂತು.

‘ಏಟೇ ಬೀಳಲಿಲ್ವೇನೇ? ಹಂಗಾದ್ರೆ ಗಟ್ಟಿ ಹೆಂಗಾದೀಯೆ?’ ಎಂದು ಅಜ್ಜಿ ನಿಜವಾಗಿ ಕಳವಳಪಟ್ಟರು. ಅಂದು ನನಗೆ ಉತ್ತರ ಗೊತ್ತಿರಲಿಲ್ಲ. ಮುಂದೆ ನಾನು ತರಗತಿಯಲ್ಲಿ ಮಕ್ಕಳಿಗೆ ಮೊದಲ ದಿನವೇ ಆ ಪ್ರಶ್ನೆಯನ್ನು ಹೇಳಿ, ನೀವು ಯಾವುದರಲ್ಲಿ ಗಟ್ಟಿಯಾಗಬೇಕು ಎಂದು ಕೇಳುತ್ತಿದ್ದೆ. ಒಬ್ಬ ಹುಡುಗ, ಅಪ್ಪ ಕುಡಿದು ಬಂದಾಗ ಅಮ್ಮನ ಪಕ್ಕದಲ್ಲಿ ನಿಲ್ಲುವುದರಲ್ಲಿ ಎಂದ. ಧೈರ್ಯ ಎಂಬ ವರವನ್ನು ಅದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ವಿವರಿಸಿಲ್ಲ.

ಈಗ ಬಿಷಪ್ಪರು ಕಾರಿನಲ್ಲಿ ಬಂದು ಮಧ್ಯಾಹ್ನಕ್ಕೆ ಹಿಂತಿರುಗುತ್ತಾರೆ. ತಯಾರಿಯನ್ನೂ ಕೆಲವು ಭಾನುವಾರಗಳಲ್ಲಿ ಮುಗಿಸಿಬಿಡೋಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದಾರಿ ಹತ್ತಿರವಾಗಿದೆ ನಿಜ, ಮಗು ಬೆಳೆಯಲು ಬೇಕಾದ ಕಾಲ ಕಡಿಮೆಯಾಗಿಲ್ಲ.

ನಾನು ಪಾಠ ಬಿಡುವ ವರ್ಷ, ಜ್ಞಾನತಾಯಿಯನ್ನು ಕಳೆದುಕೊಂಡಿದ್ದ ಹುಡುಗಿಯೊಬ್ಬಳು ‘ನೀವೇ ನಿಲ್ತೀರಾ ಟೀಚರ್?’ ಎಂದು ಕೇಳಿದಳು. ವಿಧಿಯಂತೆ ಅವಳ ಹಿಂದೆ ನಿಂತು ಬಲಗೈಯನ್ನು ಭುಜದ ಮೇಲಿಟ್ಟೆ. ಭುಜ ನಡುಗುತ್ತಿತ್ತು. ಬಿಷಪ್ಪರ ಹೆಬ್ಬೆರಳು ಅವಳ ಹಣೆ ಮುಟ್ಟಿದಾಗ ‘ಆಮೆನ್’ ಎಂದಳು. ಹಿಂದಿನ ಬೆಂಚಿನವರಿಗೂ ಕೇಳಿಸುವ ಹಾಗೆ.