ಬೀರುವಿನಿಂದ ಬಯಲಿಗೆ: ಜೀವಪ್ರಭೇದಗಳ ದಾಖಲೆ ನಡೆದುಬಂದ ದಾರಿ

1957ರ ಮಾರ್ಚ್ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರನ್ನೂ ತೀವ್ರ ಜ್ವರ ಕಾಡುತ್ತಿತ್ತು. ಇದು ಹಳದಿ ಜ್ವರವಿರಬಹುದೇ ಎಂಬ ಆತಂಕದಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಮಲೆನಾಡಿಗೆ ಧಾವಿಸಿದರು. ಅವರು ಕಂಡುಕೊಂಡದ್ದು ಉಣುಗುಗಳಿಂದ ಹರಡುವ, ಅದುವರೆಗೆ ವಿಜ್ಞಾನಕ್ಕೆ ಗೊತ್ತಿಲ್ಲದಿದ್ದ ಒಂದು ವೈರಸ್ಸನ್ನು. ಜಗತ್ತು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದು ಕರೆಯಿತು. ನಮ್ಮ ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು.

ವೈದ್ಯವೃತ್ತಿಯಲ್ಲಿರುವ ನನ್ನನ್ನು ಈ ಪ್ರಕರಣದಲ್ಲಿ ಹೆಚ್ಚು ಸೆಳೆಯುವುದು ಮುಂದಿನ ಭಾಗ. ವೈರಸ್ಸನ್ನು ಗುರುತಿಸಿದ ಮೇಲೆ ಉಳಿದ ಪ್ರಶ್ನೆಗಳಿಗೆ ರೋಗಿಯ ಹಾಸಿಗೆಯ ಬಳಿ ಉತ್ತರವಿರಲಿಲ್ಲ. ಯಾವ ಪ್ರಭೇದದ ಉಣುಗು ಅದನ್ನು ಹೊತ್ತೊಯ್ಯುತ್ತದೆ? ಆ ಉಣುಗು ಯಾವ ಯಾವ ಪ್ರಾಣಿಗಳ ಮೇಲೆ ಬದುಕುತ್ತದೆ? ಈ ವೈರಸ್ಸು ಸೈಬೀರಿಯಾದ ಓಮ್ಸ್ಕ್ ಜ್ವರದ ವೈರಸ್ಸಿಗೆ ಸಂಬಂಧಿಯಾಗಿದ್ದುದರಿಂದ, ವಲಸೆ ಹಕ್ಕಿಗಳು ಅದನ್ನು ಉತ್ತರದಿಂದ ತಂದಿರಬಹುದೇ ಎಂಬ ಶಂಕೆಯೂ ಎದ್ದಿತು. ಹಾಗಾದರೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂಬುದನ್ನು ಬಲ್ಲವರಾರು?

ಈ ಶಂಕೆಯೇ ನಿಮಿತ್ತವಾಗಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯವನ್ನು ಕೈಗೊಂಡಿತು. ಹಕ್ಕಿಗಳೇ ಕಾಯಿಲೆಯನ್ನು ತಂದವೆಂಬುದಕ್ಕೆ ದೃಢವಾದ ಪುರಾವೆ ದೊರೆಯಲಿಲ್ಲ. ಆದರೆ ಆ ಉಂಗುರಗಳ ದಾಖಲೆ ಉಳಿಯಿತು. ಭಾರತಕ್ಕೆ ಬರುವ ವಲಸೆ ಹಕ್ಕಿಗಳ ಕುರಿತ ನಮ್ಮ ತಿಳಿವಳಿಕೆಗೆ ಅದು ತಳಹದಿಯಾಯಿತು. ಜ್ವರದ ಮೂಲ ಹುಡುಕಲು ಬರೆದಿಟ್ಟದ್ದು ಹಕ್ಕಿಯ ಹಾದಿ ತಿಳಿಯಲು ಒದಗಿತು. ಜೀವಪ್ರಭೇದಗಳ ದಾಖಲೆಯ ಸ್ವಭಾವವೇ ಇದು. ಮುಂದೆ ಅದು ಯಾರಿಗೆ, ಯಾವ ಪ್ರಶ್ನೆಗೆ ಬೇಕಾಗುವುದೆಂದು ಬರೆದವರಿಗೆ ಗೊತ್ತಿರುವುದಿಲ್ಲ. ಆದ್ದರಿಂದಲೇ ಅದು ನಾಲ್ಕು ಜನರ ಕೈಗೆ ಸಿಗುವಂತಿರಬೇಕು.

ಆದರೆ ಶತಮಾನಗಳ ಕಾಲ ಅದು ಸಿಗುವಂತಿರಲಿಲ್ಲ. ನಮ್ಮಲ್ಲಿ ಅನೇಕರು ಮಕ್ಕಳೊಡನೆ ಹೋಗಿಬಂದಿರುವ ಲಂಡನ್ನಿನ ಕ್ಯೂ ಉದ್ಯಾನದ ಸಸ್ಯಸಂಗ್ರಹದಲ್ಲಿ ಸುಮಾರು 70 ಲಕ್ಷ ಒಣಗಿಸಿದ ಮಾದರಿಗಳಿವೆ. ಒಂದೊಂದು ಹಾಳೆಯ ಮೂಲೆಯಲ್ಲೂ ಒಂದು ಚೀಟಿ: ಗಿಡದ ಹೆಸರು, ಸಿಕ್ಕ ಊರು, ದಿನಾಂಕ, ಸಂಗ್ರಹಿಸಿದವರ ಹೆಸರು. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದ ಕಾಡುಗಳಿಂದ ಹೊರಟ ಅಸಂಖ್ಯ ಮಾದರಿಗಳು ಇಲ್ಲಿಗೂ ಎಡಿನ್‌ಬರೊಗೂ ಬಂದು ಸೇರಿದವು. ಫಲವಾಗಿ, ಪಶ್ಚಿಮ ಘಟ್ಟದ ಒಂದು ಗಿಡದ ಹೆಸರನ್ನು ಖಚಿತಪಡಿಸಿಕೊಳ್ಳಬೇಕಾದ ನಮ್ಮ ಸಸ್ಯವಿಜ್ಞಾನಿ ಹಲವು ವೇಳೆ ಸಮುದ್ರ ದಾಟಬೇಕಾಗುತ್ತಿತ್ತು. ಗಿಡ ಮನೆಯ ಹಿತ್ತಲಿನಲ್ಲಿ, ಅದರ ಜಾತಕ ಮಾತ್ರ ಪರದೇಶದ ಬೀರುವಿನಲ್ಲಿ.

ಈ ಅನ್ಯಾಯವನ್ನು ಅಂತರರಾಷ್ಟ್ರೀಯ ಒಪ್ಪಂದವೊಂದು ಗಮನಕ್ಕೆ ತಂದುಕೊಂಡದ್ದು 1992ರಲ್ಲಿ. ರಿಯೊ ಡಿ ಜನೈರೊದಲ್ಲಿ ಸಹಿಗೆ ಬಂದ ಜೀವವೈವಿಧ್ಯ ಒಪ್ಪಂದದ 17ನೆಯ ವಿಧಿಯು ಮಾಹಿತಿಯ ವಿನಿಮಯವನ್ನು ಸುಗಮಗೊಳಿಸಬೇಕೆಂದಿತಲ್ಲದೆ, ಸಾಧ್ಯವಿರುವೆಡೆ ಮಾಹಿತಿಯನ್ನು ಮೂಲದೇಶಕ್ಕೆ ಮರಳಿಸುವುದನ್ನೂ ಅದರಲ್ಲಿ ಸೇರಿಸಿತು. ಅದೇ ವರ್ಷ ಮೆಕ್ಸಿಕೊ ದೇಶವು ಕೊನಾಬಿಯೊ ಎಂಬ ರಾಷ್ಟ್ರೀಯ ಆಯೋಗವನ್ನು ಸ್ಥಾಪಿಸಿ, ವಿದೇಶಗಳ ಸಂಗ್ರಹಾಲಯಗಳಲ್ಲಿದ್ದ ತನ್ನ ನೆಲದ ಮಾದರಿಗಳ ವಿವರಗಳನ್ನು ಗಣಕಕ್ಕಿಳಿಸಿ ತರಿಸಿಕೊಳ್ಳಲು ಮುಂದಾಯಿತು. ಮಾದರಿ ಇದ್ದಲ್ಲೇ ಇರಲಿ, ಚೀಟಿಯ ಅಕ್ಷರಗಳಾದರೂ ತವರಿಗೆ ಬರಲಿ ಎಂಬುದು ಅದರ ನಿಲುವು.

2001ರಲ್ಲಿ ಹಲವು ಸರ್ಕಾರಗಳು ಸೇರಿ, ಕೋಪನ್‌ಹೇಗನ್ನಿನಲ್ಲಿ ಕಾರ್ಯಾಲಯವುಳ್ಳ ಜಾಗತಿಕ ಜೀವವೈವಿಧ್ಯ ಮಾಹಿತಿ ಜಾಲವನ್ನು ಕಟ್ಟಿದವು. ಜಿಬಿಐಎಫ್ ಎಂಬುದು ಅದರ ಕಿರುಹೆಸರು. ಅಲ್ಲಿ ಮೊದಲ ತೊಡಕು ಭಾಷೆಯದೇ. ಒಂದು ಸಂಗ್ರಹಾಲಯವು ಊರೆಂದು ಬರೆದದ್ದನ್ನು ಇನ್ನೊಂದು ಪ್ರದೇಶವೆಂದು ಬರೆದಿದ್ದರೆ ಯಂತ್ರವು ಎರಡನ್ನೂ ಕೂಡಿಸಲಾರದು. ಆದ್ದರಿಂದ ಡಾರ್ವಿನ್ ಕೋರ್ ಎಂಬ ಸಮಾನ ಪದಾವಳಿಯೊಂದು ರೂಪುಗೊಂಡು 2009ರಲ್ಲಿ ಅಂಗೀಕೃತವಾಯಿತು. ಆಸ್ಪತ್ರೆಗಳೆಲ್ಲ ಒಂದೇ ನಮೂನೆಯಲ್ಲಿ ರೋಗಿಯ ವಿವರ ಬರೆದುಕೊಂಡಂತೆ ಇದು. 2018ರಲ್ಲಿ ಈ ಜಾಲದ ದಾಖಲೆಗಳ ಸಂಖ್ಯೆ 100 ಕೋಟಿ ದಾಟಿತು. ಅವುಗಳನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು.

ಈ ರಾಶಿಯೆಲ್ಲ ವಿಜ್ಞಾನಿಗಳಿಂದಲೇ ಬಂದದ್ದಲ್ಲ. 2002ರಲ್ಲಿ ಆರಂಭವಾದ ಇ-ಬರ್ಡ್ ತಾಣಕ್ಕೆ ಶಾಲಾ ಮಕ್ಕಳು, ಗೃಹಿಣಿಯರು, ನಿವೃತ್ತರು ತಾವು ಕಂಡ ಹಕ್ಕಿಗಳ ಪಟ್ಟಿಯನ್ನು ಒಪ್ಪಿಸುತ್ತ ಬಂದಿದ್ದಾರೆ. ಇಂಥ ಸುಮಾರು 30,000 ಹವ್ಯಾಸಿಗಳ ಮೂರು ಕೋಟಿ ದಾಖಲೆಗಳ ಆಧಾರದ ಮೇಲೆ 2023ರ ಭಾರತೀಯ ಹಕ್ಕಿಗಳ ಸ್ಥಿತಿಗತಿ ವರದಿಯು 942 ಪ್ರಭೇದಗಳ ಪರಿಸ್ಥಿತಿಯನ್ನು ಅಳೆಯಿತು. ಯಾವ ಇಲಾಖೆಯೂ ಇಷ್ಟು ಕಣ್ಣುಗಳನ್ನು ಸಂಬಳಕ್ಕೆ ನೇಮಿಸಿಕೊಳ್ಳಲಾರದು.

ಹಾಗೆಂದು ಎಲ್ಲವನ್ನೂ ಬಯಲಿಗಿಡುವುದು ಸರಿಯೇ? 1999ರಲ್ಲಿ ದಕ್ಷಿಣ ಚೀನಾದ ಗೋನಿಯೂರೋಸಾರಸ್ ಲುಯಿ ಎಂಬ ಹಲ್ಲಿಯನ್ನು ಹೊಸ ಪ್ರಭೇದವೆಂದು ವರ್ಣಿಸಿ ಲೇಖನ ಪ್ರಕಟವಾಯಿತು. ಸಾಕುಪ್ರಾಣಿ ವ್ಯಾಪಾರಿಗಳೂ ಅದನ್ನು ಗಮನಿಸಿದರು. ಒಂದೊಂದು ಹಲ್ಲಿಗೆ 1,500ರಿಂದ 2,000 ಡಾಲರ್ ಬೆಲೆ ಬಂದಿತು. ಅದು ಮೊದಲು ದೊರೆತ ನೆಲೆಯಲ್ಲೇ ಹಲ್ಲಿ ಇಲ್ಲವಾಯಿತು. ವಿಜ್ಞಾನದ ಬರಹವೇ ಕಳ್ಳರಿಗೆ ದಾರಿ ತೋರಿಸಿತು. ಇದರ ಪರಿಹಾರವನ್ನು ವೈದ್ಯಶಾಸ್ತ್ರ ಬಹುಕಾಲದಿಂದ ಬಲ್ಲದು. ಒಂದು ಜಿಲ್ಲೆಯಲ್ಲಿ ಎಷ್ಟು ಜನರಿಗೆ ಕಾಯಿಲೆ ಬಂದಿದೆಯೆಂದು ನಾವು ಪ್ರಕಟಿಸುತ್ತೇವೆ, ರೋಗಿಯ ಮನೆಯ ವಿಳಾಸವನ್ನಲ್ಲ. ಅಪಾಯದಲ್ಲಿರುವ ಜೀವಿಗಳ ನಿಖರ ನೆಲೆಯನ್ನು ಮಸುಕುಗೊಳಿಸಿ, ವಿಸ್ತಾರವಾದ ಪ್ರದೇಶವನ್ನಷ್ಟೇ ತೋರಿಸುವ ಪದ್ಧತಿ ಈಗ ಈ ಜಾಲಗಳಲ್ಲೂ ಇದೆ. ಮುಚ್ಚಿಡಬೇಕಾದದ್ದಕ್ಕೆ ಕಾರಣವಿರಬೇಕು, ಉಳಿದದ್ದು ತೆರೆದಿರಬೇಕು.

ಹೊರನಾಡಿನಲ್ಲಿರುವ ನಮಗೆ ಇದರಲ್ಲೊಂದು ಪಾಲಿದೆ. ಹಳೆಯ ಚೀಟಿಗಳಲ್ಲಿ ಊರಿನ ಹೆಸರುಗಳು ಆಂಗ್ಲರ ಕಿವಿಗೆ ಕೇಳಿಸಿದಂತೆ ದಾಖಲಾಗಿವೆ. ಮರ್ಕಾರಾ ಎಂದರೆ ಮಡಿಕೇರಿ, ಸೌತ್ ಕೆನರಾ ಎಂದರೆ ದಕ್ಷಿಣ ಕನ್ನಡ ಎಂಬುದು ನಮಗೆ ಸಹಜವಾಗಿ ಹೊಳೆಯುತ್ತದೆ. ಸಣ್ಣ ಹಳ್ಳಿಗಳ ಹೆಸರಾದರೆ ಬೇರೆಯವರಿಗೆ ಅದು ಬಿಡಿಸಲಾರದ ಒಗಟು. ಊರು ತಿಳಿಯದಿದ್ದರೆ ಆ ದಾಖಲೆಗೆ ನಕ್ಷೆಯಲ್ಲಿ ಸ್ಥಾನವಿಲ್ಲ. ಅನೇಕ ಸಂಗ್ರಹಾಲಯಗಳು ಇಂಥ ಚೀಟಿಗಳ ಚಿತ್ರಗಳನ್ನು ಜಾಲದಲ್ಲಿಟ್ಟು, ಓದಿ ಬರೆದುಕೊಡಲು ಸ್ವಯಂಸೇವಕರನ್ನು ಕೋರುತ್ತಿವೆ. ಅಜ್ಜ ಅಜ್ಜಿಯರು ಊರಿನ ಹೆಸರು ಬಿಡಿಸಿ ಹೇಳಲಿ, ಮೊಮ್ಮಕ್ಕಳು ಗಣಕದಲ್ಲಿ ತುಂಬಲಿ. ಬೀರುವಿನಲ್ಲಿ ಕುಳಿತ ಮಲೆನಾಡಿನ ಒಂದು ಗಿಡಕ್ಕೆ ತನ್ನ ಊರು ಮರಳಿ ಸಿಕ್ಕರೆ, ಯಾವ ಕಾಲದ ಯಾವ ವೈದ್ಯರ ಪ್ರಶ್ನೆಗೆ ಅದು ಉತ್ತರವಾದೀತೋ ಇಂದು ಹೇಳಬಲ್ಲವರಿಲ್ಲ.