ಮುಟ್ಟು ನಿಲ್ಲುವಾಗ ಮೈ ಬಿಸಿಯೇರುವುದು: ಅಗಸೆ ಬೀಜದ ನೀರು ಕುಡಿದರೆ ವಾಸಿಯಾಗುತ್ತದೆಯೇ?

ಹೇಳಿಕೆ: ಏಷ್ಯಾದ ಹೆಂಗಸರಿಗೆ ಹಾಟ್ ಫ್ಲಾಶ್ ಬರುವುದಿಲ್ಲ. ಬಂದರೂ ಅದು ಬರೀ ಉಷ್ಣ, ಅಗಸೆ ಬೀಜ ಸಾಕು. ಗರ್ಭಕೋಶ ತೆಗೆಸಿದರೆ ಕಾಟವೇ ಇರುವುದಿಲ್ಲ.

ವಾಸ್ತವ: ಮೂರೂ ತಪ್ಪು. ಮೂರನೆಯದು ಅಪಾಯಕಾರಿ ಕೂಡ.

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ನಲವತ್ತೈದು ದಾಟಿದ ಹೆಂಗಸು ಇದ್ದಕ್ಕಿದ್ದಂತೆ ಬೆವರಿ ಸೆರಗಿನಿಂದ ಗಾಳಿ ಬೀಸಿಕೊಂಡರೆ, "ಉಷ್ಣ ಆಗಿದೆ, ಮಜ್ಜಿಗೆ ಕುಡಿ" ಎನ್ನುವುದು ರೂಢಿ. ಬೇಸಿಗೆಯಾದರೆ ಬಿಸಿಲಿನ ಮೇಲೆ, ಹಲಸಿನ ಹಣ್ಣಿನ ಮೇಲೆ ದೂರು ಹೋಗುತ್ತದೆ. ನಿಜವಾದ ಕಾರಣವನ್ನು ನೋಡೋಣ.

ಏಕೆ ಹೀಗಾಗುತ್ತದೆ?

ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿದೆ ಎಂದರ್ಥ. ಭಾರತದಲ್ಲಿ ಇದರ ಸರಾಸರಿ ವಯಸ್ಸು ಸುಮಾರು 46–47, ಅಮೆರಿಕದಲ್ಲಿ ಸುಮಾರು 51. ಈ ಹಂತದಲ್ಲಿ ಈಸ್ಟ್ರೋಜೆನ್ ಹಾರ್ಮೋನು ಇಳಿಯುತ್ತದೆ. ಆಗ ಮೈ ಕಾವನ್ನು ಹದದಲ್ಲಿಡುವ ಮೆದುಳಿನ ಭಾಗ ತೀರಾ ಸೂಕ್ಷ್ಮವಾಗುತ್ತದೆ. ಕಾವು ಸ್ವಲ್ಪ ಏರಿದರೂ "ಬಿಸಿ ಹೊರಹಾಕು" ಎಂದು ಆದೇಶ ಕೊಡುತ್ತದೆ. ಮುಖ, ಕತ್ತು, ಎದೆ ಕೆಲವು ನಿಮಿಷ ಕಾದು, ಬೆವರು ಸುರಿದು, ಆಮೇಲೆ ಚಳಿಯಾಗುತ್ತದೆ.

ಏಷ್ಯಾದವರಿಗೆ ಬರುವುದಿಲ್ಲವೇ?

ಈ ಮಾತಿಗೆ ಒಂದು ಮೂಲವಿದೆ. 1996ರಲ್ಲಿ ಅಮೆರಿಕದಲ್ಲಿ ಶುರುವಾದ 'ಸ್ವಾನ್' ಅಧ್ಯಯನದಲ್ಲಿ ಚೀನೀ, ಜಪಾನೀ ಮೂಲದ ಮಹಿಳೆಯರು ಉಳಿದವರಿಗಿಂತ ಕಡಿಮೆ ತೊಂದರೆ ಹೇಳಿಕೊಂಡಿದ್ದರು. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ: ಅವರಿಗೂ ಇದು ಸುಮಾರು 5 ವರ್ಷ ಕಾಡಿತ್ತು. ಅಲ್ಲಿ ಭಾರತೀಯರ ಪ್ರತ್ಯೇಕ ಗುಂಪೇ ಇರಲಿಲ್ಲ. ಆ ಫಲಿತಾಂಶವನ್ನು ನಮ್ಮೂರಿನ ಹೆಂಗಸರಿಗೆ ಅಂಟಿಸಲಾಗದು.

ಅಗಸೆ ಬೀಜ?

2011ರಲ್ಲಿ ಅಮೆರಿಕದಲ್ಲಿ ವರದಿಯಾದ ಪ್ರಯೋಗದಲ್ಲಿ 188 ಮಹಿಳೆಯರು ಭಾಗವಹಿಸಿದ್ದರು. ಅರ್ಧದಷ್ಟು ಮಂದಿಗೆ ಅಗಸೆ ಬೀಜವಿದ್ದ ತಿನಿಸು, ಉಳಿದವರಿಗೆ ಅದಿಲ್ಲದ ತಿನಿಸು. ಎರಡೂ ಗುಂಪಿನಲ್ಲಿ ಮೂರನೇ ಒಂದು ಭಾಗದಷ್ಟು ಮಂದಿಗೆ ಕಾಟ ಅರ್ಧಕ್ಕಿಳಿಯಿತು! "ನನಗೆ ಗುಣವಾಯ್ತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಶ್ರೇಯ ಬೀಜದ್ದಲ್ಲ. ಸೋಯಾದ ಬಗ್ಗೆಯೂ ಪುರಾವೆ ಗಟ್ಟಿಯಾಗಿಲ್ಲ. ಇವನ್ನು ಆಹಾರವಾಗಿ ತಿನ್ನಲು ಅಡ್ಡಿಯಿಲ್ಲ, ಔಷಧಿ ಎಂದು ನಂಬಬೇಡಿ.

ಗರ್ಭಕೋಶ ತೆಗೆಸಿದರೆ?

ಈಸ್ಟ್ರೋಜೆನ್ ತಯಾರಾಗುವುದು ಮುಖ್ಯವಾಗಿ ಅಂಡಾಶಯದಲ್ಲಿ. ಹಾಗಾಗಿ ಗರ್ಭಕೋಶ ತೆಗೆಸಿದರೆ ಮೈ ಬಿಸಿ ನಿಲ್ಲುವುದಿಲ್ಲ. ಅಂಡಾಶಯಗಳನ್ನೂ ತೆಗೆದರೆ ಹಾರ್ಮೋನು ಒಮ್ಮೆಲೇ ಕುಸಿದು ಕಾಟ ಜೋರಾಗಬಹುದು. ಮೂಳೆಯೂ ಬೇಗ ಸವೆಯುತ್ತದೆ. ಬರೀ ಮೈ ಬಿಸಿಗಾಗಿ ಈ ಆಪರೇಷನ್‌ಗೆ ಒಪ್ಪಬೇಡಿ.

ಹಾಗಾದರೆ ಏನು ಮಾಡಬೇಕು?

• ತೆಳು ಹತ್ತಿ ಬಟ್ಟೆ, ಫ್ಯಾನು, ತಣ್ಣೀರು ಆ ಕ್ಷಣಕ್ಕೆ ಹಾಯೆನಿಸುತ್ತವೆ. ಕಾಫಿ ಅಥವಾ ಖಾರ ತಿಂದ ಮೇಲೆ ಹೆಚ್ಚಾಗುತ್ತಿದ್ದರೆ ಕಡಿಮೆ ಮಾಡಿ. ತೂಕ ಹೆಚ್ಚಿದ್ದರೆ ಇಳಿಸುವುದು ಒಳ್ಳೆಯದು.
• ನಿದ್ದೆ, ಕೆಲಸ ಕೆಡುತ್ತಿದ್ದರೆ ಚಿಕಿತ್ಸೆ ಇದೆ. ಹಾರ್ಮೋನು ಚಿಕಿತ್ಸೆ ಎಲ್ಲಕ್ಕಿಂತ ಪರಿಣಾಮಕಾರಿ. 60 ವರ್ಷದೊಳಗಿನ, ಮುಟ್ಟು ನಿಂತು 10 ವರ್ಷವಾಗದ, ಬೇರೆ ತೊಂದರೆಯಿಲ್ಲದ ಬಹುತೇಕರಿಗೆ ಅಪಾಯಕ್ಕಿಂತ ಲಾಭ ಹೆಚ್ಚು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅವರಿಗೆ ಹಾರ್ಮೋನಿಲ್ಲದ ಮಾತ್ರೆಗಳಿವೆ. ಯಾವುದನ್ನೂ ಮೆಡಿಕಲ್ ಶಾಪಿನಲ್ಲಿ ನೇರವಾಗಿ ಕೇಳಿ ನುಂಗಬೇಡಿ.

ಯಾವಾಗ ತಡಮಾಡಬಾರದು?

ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರಿಗೆ ತೋರಿಸಿ. ಕ್ಯಾನ್ಸರ್ ಅಲ್ಲವೆಂದು ಖಚಿತವಾಗಬೇಕು. ರಾತ್ರಿ ಬೆವರಿನ ಜೊತೆ ಜ್ವರ, ಕೆಮ್ಮು, ತೂಕ ಇಳಿಕೆ ಇದ್ದರೆ ಕ್ಷಯದ ಪರೀಕ್ಷೆ ಬೇಕು. ಎದೆ ನೋವಿನೊಂದಿಗೆ ಬೆವರಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಏರುಪೇರು, ಶುಗರ್ ಕುಸಿತದಿಂದಲೂ ಹೀಗಾಗಬಹುದು.

ನಗರದವರು ತುಮಕೂರು ಜಿಲ್ಲಾ ಆಸ್ಪತ್ರೆಯಲ್ಲಿ, ಗುಬ್ಬಿ, ಕುಣಿಗಲ್ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೇಳಿಕೊಳ್ಳಲು ಮುಜುಗರವಾದರೆ ಮೊದಲು ಊರಿನ ಆಶಾ ಕಾರ್ಯಕರ್ತೆಯೊಂದಿಗೆ ಮಾತಾಡಿ. ಫಾರ್ವರ್ಡ್ ಮಾಡುವುದಾದರೆ ಈ ಕೊನೆಯ ಭಾಗವನ್ನು ಅಮ್ಮ, ಅತ್ತೆ, ಚಿಕ್ಕಮ್ಮಂದಿರಿಗೆ ಕಳಿಸಿ ಎಂಬುದು ನಮ್ಮ ವಿನಂತಿ.